ಹುಳದ ಮುಂದೆ ಬಾಯಿ ತೆರೆದು ನಿಂತ ಮರಿ

ಎರಡು ವರ್ಷದ ಹಿಂದೆ, ಜೂನ್ ತಿಂಗಳ ಮೊದಲ ದೊಡ್ಡ ಮಳೆಗೆ, ಧಾರವಾಡದ ಮಾಳಮಡ್ಡಿಯ ನಮ್ಮ ಹಳೇ ಮನೆಯ ಹೆಂಚಿನ ಸಂದಿಯಿಂದ ಗೊರವಂಕದ ಗೂಡೊಂದು ಅಂಗಳಕ್ಕೆ ಬಿತ್ತು. ಮೂರು ಮರಿಗಳಲ್ಲಿ ಎರಡು ಬೆಳಗಾಗುವುದರೊಳಗೆ ಸತ್ತಿದ್ದವು. ಉಳಿದದ್ದು ಒಂದು. ಗರಿಗಳಿನ್ನೂ ಕೊಳವೆ ಬಿಟ್ಟು ಹೊರಬಂದಿರಲಿಲ್ಲ; ಮೈಯೆಲ್ಲ ಬಾಯಿ ಅನ್ನುವಂಥ ಜೀವ. ಗೂಡನ್ನು ಮತ್ತೆ ಒಟ್ಟುಮಾಡಿ ಮೇಲಿಟ್ಟಿದ್ದರೆ ತಂದೆತಾಯಿ ಬಂದು ಸಾಕುತ್ತಿದ್ದವು, ಮಾಡಬೇಕಾದದ್ದೂ ಅದೇ. ಅದು ನನಗೆ ಗೊತ್ತಾದದ್ದು ಆಮೇಲೆ. ಅಷ್ಟರಲ್ಲಿ ಅವ್ವ ರೊಟ್ಟಿ ಬುಟ್ಟಿಗೆ ಹಳೇ ಧೋತರದ ಚೂರು ಹಾಸಿ ಅದನ್ನು ಮಲಗಿಸಿಯಾಗಿತ್ತು.

ಪುಟಾಣಿ ಹಿಟ್ಟು ನೀರಲ್ಲಿ ಕಲಸಿ ಕೊಟ್ಟೆವು. ಬೇಯಿಸಿದ ತತ್ತಿಯ ಹಳದಿ ಕೊಟ್ಟರೆ ಬೇಗ ಬಲಿಯುತ್ತದೆ ಎಂದು ಯಾರೋ ಹೇಳಿದರು. ಹೊಸ್ತಿಲೊಳಗೆ ತತ್ತಿ ಬಿಟ್ಟುಕೊಂಡವಳೇ ಅಲ್ಲ ನಮ್ಮವ್ವ. ಆ ಮರಿಗಾಗಿ ಹಿತ್ತಲಿನ ಒಲೆಯ ಮೇಲೆ, ಬೇರೆಯದೇ ಪಾತ್ರೆಯಲ್ಲಿ, ಮುಖ ಆಚೆ ತಿರುಗಿಸಿ ಬೇಯಿಸಿದಳು. ಚಿಮಟದ ತುದಿಯಲ್ಲಿ ಹಿಡಿದು ಕೊಟ್ಟರೆ ಮರಿ ಮೊಣಕೈವರೆಗೂ ನುಂಗುವ ಹಾಗೆ ಬಾಯಿ ತೆರೆಯುತ್ತಿತ್ತು. ಎರಡೂವರೆ ವಾರದಲ್ಲಿ ಗರಿ ತುಂಬಿತು, ಕಣ್ಣಿನ ಹಿಂದಿನ ಹಳದಿ ಎದ್ದು ಕಂಡಿತು, ಮೇಜಿನಿಂದ ಕಿಟಕಿಗೆ ಹಾರುವುದೂ ಬಂತು. ಇನ್ನು ತಾನೇ ತಿನ್ನಲಿ ಎಂದು ಒಂದು ಬೆಳಿಗ್ಗೆ ಹಿತ್ತಲಲ್ಲಿ ಮಿಡತೆಯೊಂದನ್ನು ಹಿಡಿದು, ಓಡದಂತೆ ಒಂದು ಕಾಲು ಮುರಿದು, ಮರಿಯ ಮುಂದೆ ಬಿಟ್ಟೆ.

ಮರಿ ಮಿಡತೆಯನ್ನು ನೋಡಿತು. ಬಗ್ಗಿತು. ರೆಕ್ಕೆ ನಡುಗಿಸಿತು. ಆಮೇಲೆ ಮಿಡತೆಯ ಮುಂದೆ ಅಗಲಕ್ಕೆ ಬಾಯಿ ತೆರೆದು ಕಿರುಚುತ್ತ ನಿಂತಿತು!

ಮಿಡತೆ ತಾನಾಗಿ ಬಾಯೊಳಗೆ ನಡೆದು ಬರಲೆಂದು ಅದು ಕಾಯುತ್ತಿತ್ತು. ಮಿಡತೆ ಬರಲಿಲ್ಲ. ಮರಿ ನನ್ನತ್ತ ತಿರುಗಿ ಇನ್ನೂ ಜೋರಾಗಿ ಕಿರುಚಿತು. ನಾನು ನಕ್ಕೆ. ಅವ್ವ ನಗಲಿಲ್ಲ. "ಅದಕ್ಕ ಹುಳ ಅಂದ್ರ ಏನಂತ ಗೊತ್ತಿಲ್ಲ. ಅದರ ಪಾಲಿಗೆ ಕೂಳು ಅಂದ್ರ ನಿನ್ನ ಕೈ" ಅಂದಳು.

ಆ ಮಾತು ಕಿವಿಯಲ್ಲಿ ಉಳಿದುಬಿಟ್ಟಿತು. ಹಕ್ಕಿ ನೋಡುವ ಹುಚ್ಚು ನನಗೆ ಹದಿನೈದಿಪ್ಪತ್ತು ವರ್ಷದ್ದು. ಕೆಲಗೇರಿ ಕೆರೆಯ ದಂಡೆಯಲ್ಲಿ ನಿಂತು ಪಟ್ಟಿ ಬರೆದದ್ದೆಷ್ಟೋ. ಆದರೂ ಹಕ್ಕಿ ಉಣ್ಣುವುದನ್ನು ನಾನು ಸರಿಯಾಗಿ ನೋಡಿರಲಿಲ್ಲ. ಯಾವ ಹಕ್ಕಿ ಅಂತ ಗೊತ್ತಾದ ಕೂಡಲೇ ದುರ್ಬೀನು ಮುಂದಿನದಕ್ಕೆ ಸರಿದಿರುತ್ತಿತ್ತು.

ಆ ವಾರ ಕರ್ನಾಟಕ ಕಾಲೇಜಿನ ಮೈದಾನಕ್ಕೆ ಹೋಗಿ ಬರೀ ಗೊರವಂಕಗಳನ್ನೇ ನೋಡಿದೆ. ಗೊರವಂಕದ ಕುಲದ ಹಕ್ಕಿಗಳಿಗೆ ಒಂದು ವಿಶೇಷವಿದೆ. ನಮಗಾಗಲಿ ನಾಯಿಗಾಗಲಿ ದವಡೆಯ ಬಲವೆಲ್ಲ ಕಚ್ಚುವುದರಲ್ಲಿ. ಇವುಗಳಿಗೆ ಬಾಯಿ ತೆರೆಯುವುದರಲ್ಲೂ ಬಲ. ಮುಚ್ಚಿದ ಕೊಕ್ಕನ್ನು ಹುಲ್ಲಿನ ಬುಡಕ್ಕೆ ಚುಚ್ಚಿ, ಒಳಗೇ ತೆರೆದು, ಮಣ್ಣನ್ನು ಎರಡು ಕಡೆ ಸರಿಸಿ, ಆ ಸಂದಿಯಲ್ಲಿ ಹುಳವಿದೆಯೇ ಎಂದು ಇಣುಕುತ್ತವೆ. ಮೈದಾನದಲ್ಲಿ ದೊಡ್ಡ ಹಕ್ಕಿಯ ಬೆನ್ನಿಗೆ ಎರಡು ಮರಿಗಳಿದ್ದವು. ಮೊದಲ ದಿನ ಅದು ಚುಚ್ಚಿದಲ್ಲೆಲ್ಲ ಓಡಿ ಬಂದು ಬಾಯಿ ತೆರೆದವು, ಕೊಟ್ಟಿತು. ನಾಲ್ಕನೇ ದಿನ ಬಾಯಿ ತೆರೆದರೂ ಕೊಡದೆ ಮುಂದೆ ನಡೆಯಿತು. ಮರಿ ಅಲ್ಲೇ ನಿಂತು, ಅವ್ವ ಈಗಷ್ಟೇ ಚುಚ್ಚಿ ಬಿಟ್ಟ ತೂತಿಗೆ ತನ್ನ ಕೊಕ್ಕು ಹಾಕಿತು. ಪಾಠವೆಂದರೆ ಅಷ್ಟೇ. ಕೊಕ್ಕು ತೆರೆಯುವ ಸ್ನಾಯು ನನ್ನ ಮರಿಗೂ ಹುಟ್ಟುತ್ತಲೇ ಬಂದಿತ್ತು. ಎಲ್ಲಿ ಚುಚ್ಚಬೇಕು, ಎಷ್ಟು ಹೊತ್ತು ಹುಡುಕಬೇಕು, ಯಾವಾಗ ಆ ಜಾಗ ಬಿಟ್ಟು ಮುಂದೆ ಹೋಗಬೇಕು ಅನ್ನುವುದು ಚಿಮಟದ ತುದಿಯಲ್ಲಿ ಬರುವಂಥದ್ದಲ್ಲ.

ಗೊರವಂಕಕ್ಕೇನು, ಊರ ತುಂಬ ಇವೆ. ಒಂದು ಹೋದರೆ ಲೆಕ್ಕಕ್ಕಿಲ್ಲ. ಲೆಕ್ಕಕ್ಕಿರುವ ಹಕ್ಕಿಗಳಿಗೆ, ಅಂದರೆ ಬೆರಳೆಣಿಕೆಗೆ ಬಂದು ನಿಂತು, ಪಂಜರದಲ್ಲಿ ಮರಿಮಾಡಿಸಿ ಮತ್ತೆ ಕಾಡಿಗೆ ಬಿಡುವ ಹಕ್ಕಿಗಳಿಗೆ ಇದೇ ಕತೆಯಾದರೆ? ಹುಡುಕಿ ಓದತೊಡಗಿದೆ.

ಮೊದಲು ಸಿಕ್ಕಿದ್ದು ಅಮೆರಿಕದ ಅರಿಜೋನಾದ ದಪ್ಪಕೊಕ್ಕಿನ ಗಿಳಿ. ಪೈನ್ ಕಾಯಿಯೊಳಗಿನ ಬೀಜವೇ ಇದರ ಮುಖ್ಯ ಆಹಾರ. ಆ ಪ್ರಾಂತ್ಯದಲ್ಲಿ ಗುಂಡೇಟಿಗೆ ಅಳಿದುಹೋಗಿದ್ದ ಇದನ್ನು 1986ರಲ್ಲಿ ಚಿರಿಕಾವಾ ಬೆಟ್ಟಗಳಿಗೆ ಮರಳಿ ಬಿಟ್ಟರು. ಬಿಟ್ಟವುಗಳಲ್ಲಿ ಎರಡು ಬಗೆ. ಮೆಕ್ಸಿಕೊದ ಕಾಡಿನಲ್ಲಿ ಹುಟ್ಟಿ, ಕಳ್ಳಸಾಗಣೆಗಾರರ ಕೈಗೆ ಸಿಕ್ಕು, ಅಧಿಕಾರಿಗಳು ಬಿಡಿಸಿಕೊಂಡು ಬಂದವು ಒಂದು. ಪಂಜರದಲ್ಲೇ ಹುಟ್ಟಿ ಬೆಳೆದವು ಇನ್ನೊಂದು. ಕಾಡಿನಲ್ಲಿ ಹುಟ್ಟಿದವು ಎಷ್ಟೋ ಕಾಲ ಪೆಟ್ಟಿಗೆಯಲ್ಲಿದ್ದು ಬಂದರೂ ಗುಂಪು ಕಟ್ಟಿಕೊಂಡವು, ಪೈನ್ ತೋಪು ಹುಡುಕಿದವು, ತಿಂದವು. ಪಂಜರದವಕ್ಕೆ ಪೈನ್ ಕಾಯಿ ಬಿಡಿಸುವುದೇ ದೊಡ್ಡ ಕೆಲಸವಾಯಿತು.

ಪೈನ್ ಕಾಯಿ ನೋಡದವರಿಗೆ ಇದು ಅರ್ಥವಾಗಲಿಕ್ಕಿಲ್ಲ, ಆದರೆ ಸುಲಗಾಯಿ, ಅಂದರೆ ಹಸಿ ಕಡಲೆಯ ಕಾಯಿ, ತಿಂದವರಿಗೆ ಆದೀತು. ಬೆಂಗಳೂರಿನಿಂದ ಬಂದ ಅಕ್ಕನ ಮಗ ಹೋದ ಸಲ ನಮ್ಮೊಡನೆ ಸುಲಗಾಯಿ ಸುಡುವಲ್ಲಿ ಕೂತಿದ್ದ. ನಾವು ಮಾತಾಡುತ್ತಲೇ, ಕಾಯಿ ಕಡೆ ನೋಡದೆಯೇ, ಒಂದೊಂದು ಹಿಡಿ ಕಡಲೆ ಬಾಯಿಗೆ ಹಾಕಿಕೊಳ್ಳುತ್ತಿದ್ದರೆ ಆ ಹುಡುಗ ಉಗುರಲ್ಲಿ ಒಂದು ಸಿಪ್ಪೆ ಬಿಡಿಸಿ, ಒಳಗೆ ಹುಳ ಕಂಡು ಬಿಸಾಕಿ, ಇನ್ನೊಂದು ಹಿಡಿಯುವಷ್ಟರಲ್ಲಿ ರಾಶಿ ಮುಗಿದಿತ್ತು. ಅವನಿಗೆ ಹಸಿವು ಕಡಿಮೆಯಿರಲಿಲ್ಲ, ಕೈ ನಿಧಾನ ಅಷ್ಟೇ. ಗಿಳಿಗೂ ಹಾಗೆಯೇ. ಕಾಯಿಯನ್ನು ಕಾಲಲ್ಲಿ ಹಿಡಿದು, ಬುಡದಿಂದ ಒಂದೊಂದೇ ಎಸಳು ಕಡಿದು, ಅದರಡಿಯ ಬೀಜ ಎತ್ತಿ ಸಿಪ್ಪೆ ಸುಲಿಯಬೇಕು. ಪಳಗಿದ ಹಕ್ಕಿ ಹೊಟ್ಟೆ ತುಂಬಿಸಿಕೊಳ್ಳುವ ಹೊತ್ತಿಗೆ ಪಳಗದ್ದು ಇನ್ನೂ ತಲೆ ತಗ್ಗಿಸಿಕೊಂಡೇ ಇರುತ್ತದೆ. ಗುಂಪು ಹಾರಿಹೋದರೆ ಇದೊಂದೇ ಉಳಿಯಿತು; ಮೇಲೆ ಗಿಡುಗ ಸುತ್ತುತ್ತಿರುತ್ತದೆ. ಹಾಗೆ ಸತ್ತ ಗಿಳಿಯ ಎದುರು ‘ಗಿಡುಗ ಹಿಡಿಯಿತು’ ಎಂದು ಬರೆದುಕೊಳ್ಳುತ್ತಾರೆ. ಕಾರಣ ಉಣ್ಣಲು ಬಾರದ್ದೂ ಆಗಿರಬಹುದಲ್ಲ ಎಂದು ನನಗೆ ಹೊಳೆದದ್ದು ಇದನ್ನು ಓದುವಾಗಲೇ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಬೆಚ್ಚಿಸಿತು: ಹೊಟ್ಟೆಯೇ ಬೇರೆಯಾಗಿಬಿಡುತ್ತದೆ. ಫಿನ್ಲೆಂಡಿನಲ್ಲಿ ಕ್ಯಾಪರ್ಕೇಲಿ ಎಂಬ ಕಾಡುಕೋಳಿಯಂಥ ದೊಡ್ಡ ಹಕ್ಕಿಯಿದೆ. ಚಳಿಗಾಲವಿಡೀ ಪೈನ್ ಮರದ ಸೂಜಿಯೆಲೆ ತಿಂದೇ ಬದುಕುತ್ತದೆ. ಸಾಕಿ ಬೆಳೆಸಿದ ಕ್ಯಾಪರ್ಕೇಲಿಗಳ ಕರುಳನ್ನು ಕಾಡಿನವುಗಳ ಕರುಳಿನ ಜೊತೆ ಅಳೆದು ನೋಡಿದರೆ ಸಾಕಿದವುಗಳದ್ದು ಗಿಡ್ಡ. ಮೆತ್ತಗಿನ, ಬೇಗ ಅರಗುವ ದಾಣಿ ತಿಂದ ಹಕ್ಕಿಗೆ ಉದ್ದ ಕರುಳಿನ ಗರಜೇ ಬೀಳಲಿಲ್ಲ. ಅಂಥದ್ದನ್ನು ಕಾಡಿಗೆ ಬಿಟ್ಟರೆ, ಸರಿಯಾದ ಎಲೆಯನ್ನೇ ಸರಿಯಾದ ಮರದಿಂದಲೇ ತಿಂದರೂ ಅರಗಿಸಿಕೊಳ್ಳುವುದು ಕಷ್ಟ. ಹೊಟ್ಟೆ ತುಂಬಿಯೂ ಉಪವಾಸ. ಬಿಳಿ ಬ್ರೆಡ್ಡು ತಿಂದು ಬೆಳೆದವನಿಗೆ ಏಕಾಏಕಿ ಎರಡು ಹೊತ್ತು ಕಟಿರೊಟ್ಟಿ, ಹಸಿಮೆಣಸಿನ ಖಾರ ಕೊಟ್ಟ ಹಾಗೆ ಅನ್ನೋಣವೆಂದರೆ, ಅವನು ಎರಡು ದಿನ ಒದ್ದಾಡಿ ಹೊಂದಿಕೊಂಡಾನು. ಹಿಮದಲ್ಲಿ ನಿಂತ ಹಕ್ಕಿಗೆ ಅಷ್ಟು ಪುರುಸೊತ್ತಿಲ್ಲ.

ಇಂಗ್ಲೆಂಡಿನಲ್ಲಿ ಫೆಸಂಟ್ ಎಂಬ ಕೋಳಿಜಾತಿಯ ಹಕ್ಕಿಯ ಮರಿಗಳ ಮೇಲೆ ಮಾಡಿ 2015ರಲ್ಲಿ ಪ್ರಕಟಿಸಿದ ಕೆಲಸ ಇದರ ಇನ್ನೊಂದು ಮಗ್ಗುಲು. ಕೆಲವು ಮರಿಗಳಿಗೆ ಬರೀ ದಾಣಿ ಹಾಕಿದರು. ಕೆಲವಕ್ಕೆ ದಾಣಿಯ ಜೊತೆ ಜೀವಂತ ಹುಳ, ಹಣ್ಣು, ಕಾಳುಗಳನ್ನೂ ಕೊಟ್ಟರು. ಬಿಟ್ಟ ಮೇಲೆ ಎರಡನೆಯ ಗುಂಪು ಕಡಿಮೆ ಹೊತ್ತಿನಲ್ಲಿ ಹೊಟ್ಟೆ ತುಂಬಿಸಿಕೊಂಡಿತು, ಮನುಷ್ಯರು ಇಟ್ಟ ಕಾಳಿನ ಡಬ್ಬಿಗೆ ಕಡಿಮೆ ಬಂತು, ಹೆಚ್ಚು ಬದುಕಿತು. ಅಂದರೆ ಪಂಜರದೊಳಗೂ ಸ್ವಲ್ಪ ಕಲಿಸಬಹುದು. ನಾನು ಮಿಡತೆ ತಂದದ್ದು ತಡವಾಯಿತು, ತಪ್ಪಲ್ಲ ಅಂತ ಸಮಾಧಾನ ಮಾಡಿಕೊಂಡೆ.

ಎಲ್ಲವೂ ತಾಯಿಹಕ್ಕಿಯೇ ಕಲಿಸಿದ್ದು ಅಂತಲೂ ಇಲ್ಲ, ಹೇಳಿಬಿಡುತ್ತೇನೆ. ಹವಾಯಿಯ ಅಲಲಾ ಎಂಬ ಕಾಗೆ 2002ರ ಹೊತ್ತಿಗೆ ಕಾಡಿನಲ್ಲಿ ಒಂದೂ ಉಳಿಯಲಿಲ್ಲ. ಪಂಜರದಲ್ಲಿದ್ದ 104 ಕಾಗೆಗಳ ಮುಂದೆ ತೂತು ಕೊರೆದ ಮರದ ತುಂಡು, ತೂತಿನೊಳಗೆ ತಿಂಡಿ, ಪಕ್ಕದಲ್ಲಿ ಕಡ್ಡಿ ಇಟ್ಟು ನೋಡಿದರು. ಶೇಕಡಾ 78 ಕಾಗೆಗಳು ಕಡ್ಡಿ ಹಿಡಿದು ತಿಂಡಿ ಎಳೆದುಕೊಂಡವು. ಹಿರಿಯ ಕಾಗೆಗಳನ್ನು ನೋಡದೆ ಬೆಳೆದ ಮರಿಗಳೂ ತಾವಾಗಿ ಅದನ್ನು ಮಾಡಿದವು. 2016ರಲ್ಲಿ ಈ ಸಂಗತಿ ಹೊರಬಂದಾಗ ದೊಡ್ಡ ಸುದ್ದಿಯಾಗಿತ್ತು. ಅದೇ ವರ್ಷದ ಕೊನೆಗೆ ಕಾಡಿಗೆ ಬಿಡುವುದೂ ಶುರುವಾಯಿತು. ಇಷ್ಟು ಜಾಣ ಕಾಗೆಗಳನ್ನು ಅಲ್ಲಿನ ಇಯೋ ಎಂಬ ಗಿಡುಗ ಹಿಡಿದು ತಿಂದಿತು. 2020ರಲ್ಲಿ ಉಳಿದವನ್ನು ಮರಳಿ ಪಂಜರಕ್ಕೆ ತಂದರು. 2024ರಲ್ಲಿ ಆ ಗಿಡುಗ ಇಲ್ಲದ ಮಾವಿ ದ್ವೀಪದಲ್ಲಿ ಐದನ್ನು ಬಿಟ್ಟು ಮತ್ತೆ ಮೊದಲಿನಿಂದ ನೋಡುತ್ತಿದ್ದಾರೆ. ಕಡ್ಡಿ ಹಿಡಿಯುವುದು ರಕ್ತದಲ್ಲೇ ಬಂದಿತ್ತು. ಉಣ್ಣುತ್ತ ಉಣ್ಣುತ್ತ ಆಗಾಗ ತಲೆಯೆತ್ತಿ ನೋಡುವುದು, ಯಾವ ನೆರಳಿಗೆ ಹೆದರಬೇಕು ಅನ್ನುವುದು ಬಂದಿರಲಿಲ್ಲ.

ಇಷ್ಟೆಲ್ಲ ಓದುತ್ತಿದ್ದರೂ ನನ್ನ ತಲೆಯಲ್ಲಿ ಸುತ್ತುತ್ತಿದ್ದದ್ದು ನಮ್ಮದೇ ಒಂದು ಹಕ್ಕಿ. ಅವ್ವನ ತವರು ರಾಣೆಬೆನ್ನೂರು ತಾಲೂಕಿನ ಒಂದು ಹಳ್ಳಿ. ಅವಳು ಎರಿಭೂತ ಅನ್ನುತ್ತಾಳೆ, ಪುಸ್ತಕದಲ್ಲಿ ಎರ್ಲಡ್ಡು ಅಂತಿದೆ, ಇಂಗ್ಲಿಷಿನವರಿಗೆ ಗ್ರೇಟ್ ಇಂಡಿಯನ್ ಬಸ್ಟರ್ಡ್. ಹೆಸರಲ್ಲೇ ಎರೆಹೊಲ ಇದೆ. ಗಂಡು ಮೀಟರು ಎತ್ತರ, ಹದಿನೈದು ಕಿಲೋವರೆಗೂ ತೂಗುತ್ತದೆ; ಹಾರುವ ಹಕ್ಕಿಗಳಲ್ಲಿ ಅತಿ ಭಾರದವುಗಳ ಪೈಕಿ. ಈ ಹಕ್ಕಿಗೂ ಕೃಷ್ಣಮೃಗಕ್ಕೂ ಎಂದೇ 1974ರಲ್ಲಿ ರಾಣೆಬೆನ್ನೂರು ಅಭಯಾರಣ್ಯ ಮಾಡಿದರು, 119 ಚದರ ಕಿಲೋಮೀಟರು. ಕೃಷ್ಣಮೃಗ ಉಳಿಯಿತು, ಅದೇ ಚಿಗರಿ, ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಬಸ್ಸಿಗೆ ಹೆಸರು ಕೊಟ್ಟದ್ದು. ಎರ್ಲಡ್ಡು ಈಗ ಅಲ್ಲಿಲ್ಲ. ಬಯಲು ಹುಲ್ಲುಗಾವಲೆಂದರೆ ಪಾಳುಭೂಮಿ ಎಂದುಕೊಂಡು ನೀಲಗಿರಿ ನೆಟ್ಟರು. ದೂರದವರೆಗೆ ಕಣ್ಣು ಹಾಯಿಸಿ ಬದುಕುವ ಹಕ್ಕಿಗೆ ಮರದ ತೋಪು ಗೋಡೆ ಕಟ್ಟಿದ ಹಾಗೆ. ಸುತ್ತಲಿನ ಶೇಂಗಾ, ಜೋಳದ ಹೊಲಗಳೆಲ್ಲ ಗೋವಿನಜೋಳ, ಹತ್ತಿಗೆ ತಿರುಗಿದವು.

ಹೋದ ಚಳಿಗಾಲ ಆ ಕಡೆ ಒಂದು ಮದುವೆಗೆ ಹೋಗಿದ್ದೆವು. ಬರುವಾಗ ಅವ್ವ ಕಾರು ನಿಲ್ಲಿಸಲು ಹೇಳಿ ಬದುವಿಗೆ ಇಳಿದಳು. ಹಕ್ಕರಿಕಿ ಸೊಪ್ಪು ಕಂಡಿತ್ತಂತೆ. ನಾನು ಹಕ್ಕರಿಕಿ ತಿಂದವನೇ, ಸಂತೆಯಲ್ಲಿ ಸಿವುಡು ಕೊಂಡವನೇ. ಹೊಲದಲ್ಲಿ ಹತ್ತು ಬಗೆ ಹಸಿರಿನ ನಡುವೆ ಅದನ್ನು ನೋಡಿದಾಗ ನನಗೆ ಗುರುತು ಸಿಗಲಿಲ್ಲ. ಸೀರೆಯ ಸೆರಗಿಗೆ ಕಿತ್ತು ಹಾಕಿಕೊಳ್ಳುತ್ತ ಅವಳು ಹೇಳಿದಳು: "ನಮ್ಮಪ್ಪ ಎರಿಭೂತ ಓಡಸ್ತಿದ್ದಿಲ್ಲ. ಶೇಂಗಾ ಹೊಲದಾಗ ಅಡ್ಯಾಡ್ತಿತ್ತು. ಹುಳಾ ತಿಂತೈತಿ ಬಿಡು ಅಂತಿದ್ದ. ಹಿಂದ ಒಂದ ಮರಿ. ತಾಯಿ ಮಿಡತಿ ಹಿಡಿದು ಬಾಯಾಗ ಇಟ್ಕೊಂಡು ನಿಂದರೂದು, ಮರಿ ಬಂದು ಅದರ ಬಾಯಾಗಿಂದ ತಗೊಳ್ಳೂದು."

ಅವ್ವ ಕಂಡದ್ದು ಸರಿ. ಎರ್ಲಡ್ಡು ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ತತ್ತಿ ಇಡುತ್ತದೆ. ಕೋಳಿಮರಿಯ ಹಾಗೆ ಮರಿ ಹುಟ್ಟಿದ ಕೂಡಲೇ ನಡೆಯುತ್ತದೆ. ಆದರೆ ಕೋಳಿಮರಿಯ ಹಾಗೆ ತಾನೇ ಆರಿಸಿಕೊಳ್ಳುವುದಿಲ್ಲ. ತಾಯಿ ಕೊಕ್ಕಿನಿಂದ ಕೊಕ್ಕಿಗೆ ಕೊಡುತ್ತಾಳೆ. ಗಂಡು ಈ ಕಡೆ ತಲೆ ಹಾಕುವುದಿಲ್ಲ. ತಿಂಗಳುಗಟ್ಟಲೆ ಮರಿ ತಾಯಿಯ ಬೆನ್ನಿಗಿರುತ್ತದೆ. ಮಳೆಗಾಲದಲ್ಲಿ ಮಿಡತೆ, ಜೀರುಂಡೆ, ಆಮೇಲೆ ಶೇಂಗಾ, ಕಾಳು, ಬೋರೆಹಣ್ಣಿನ ಕಾಲಕ್ಕೆ ಬೋರೆ, ಸಿಕ್ಕರೆ ಓತಿಕ್ಯಾತ. ಇಷ್ಟೆಲ್ಲ ತಿನ್ನುವ ಹಕ್ಕಿಗೆ ಕೊಕ್ಕಿನ ಚಾಕಚಕ್ಯತೆಗಿಂತ ಹೆಚ್ಚಾಗಿ ಬೇಕಾದದ್ದು ಪಂಚಾಂಗ: ಯಾವ ತಿಂಗಳು, ಯಾವ ಹೊಲ. ಹಕ್ಕರಿಕಿಯೂ ಹಾಗೆಯೇ; ಹೂ ಬಿಟ್ಟ ಮೇಲೆ ಬಾಯಿಗಿಡಲಾಗದಷ್ಟು ಕಹಿ.

ಈಗ ಎರ್ಲಡ್ಡುಗಳು ಇಡೀ ದೇಶದ ಬಯಲಲ್ಲಿ ನೂರೈವತ್ತೂ ಇಲ್ಲ. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಭೂಮಿಯಲ್ಲಿ ಬೆರಳೆಣಿಕೆಯಷ್ಟು. ಉಳಿದವು ಬಹುತೇಕ ರಾಜಸ್ಥಾನದ ಜೈಸಲ್ಮೇರಿನಲ್ಲಿ. ಅಲ್ಲೇ ಸಮ್ ಮತ್ತು ರಾಮದೇವ್ರಾ ಎಂಬಲ್ಲಿ ಭಾರತೀಯ ವನ್ಯಜೀವಿ ಸಂಸ್ಥೆಯವರು ಇವನ್ನು ಸಾಕಿ ಮರಿಮಾಡಿಸುತ್ತಿದ್ದಾರೆ. 2019ರಲ್ಲಿ ಬಯಲಿನಿಂದ ತತ್ತಿ ತಂದು ಯಂತ್ರದಲ್ಲಿ ಕಾವು ಕೊಟ್ಟರು. ಮೊದಲ ಮರಿಗೆ ‘ಯುನೊ’ ಎಂದು ಹೆಸರಿಟ್ಟರು. ತಾಯಿಯ ಕೊಕ್ಕಿನ ಜಾಗದಲ್ಲಿ ಮನುಷ್ಯರ ಕೈ ಬಂತು. ಹುಟ್ಟಿದ ಹೊಸತರಲ್ಲಿ ಕಣ್ಣೆದುರು ಇದ್ದು ಸಾಕಿದವರನ್ನೇ ತನ್ನ ಜಾತಿ ಎಂದುಕೊಳ್ಳುವುದಕ್ಕೆ ಇಂಪ್ರಿಂಟಿಂಗ್ ಅನ್ನುತ್ತಾರೆ. ಹೀಗೆ ಬೆಳೆದ ಹಕ್ಕಿ ಮನುಷ್ಯರಿಗೆ ಹೆದರುವುದಿಲ್ಲ, ಬಯಲಿಗೆ ಬಿಡಲು ಬರುವುದಿಲ್ಲ.

ತಮಾಷೆ ನೋಡಿ, ಅದೇ ದೋಷ ಅಲ್ಲಿ ಕೆಲಸಕ್ಕೆ ಬಂತು. ಮನುಷ್ಯರಿಗೆ ಹೆದರದ ಗಂಡಿನಿಂದ ವೀರ್ಯ ಸಂಗ್ರಹಿಸುವುದು ಸಾಧ್ಯವಾಯಿತು. 2024ರ ಅಕ್ಟೋಬರಿನಲ್ಲಿ ಕೃತಕ ಗರ್ಭಧಾರಣೆಯಿಂದ ಮೊದಲ ಎರ್ಲಡ್ಡು ಮರಿ ಹುಟ್ಟಿತು. ಕೈಯುಣಿಸಿನ ಈ ತಲೆಮಾರು ತಾನು ಬಯಲಿಗೆ ಹೋಗಲಾರದೆ, ಹೋಗಬಲ್ಲ ಮರಿಗಳನ್ನು ಹೆರುತ್ತ ಅಲ್ಲೇ ಇರಬೇಕು. ಇದನ್ನು ಓದಿದಾಗ ಸಂತೋಷವೂ ಆಯಿತು, ಎದೆಯೂ ಭಾರವಾಯಿತು. ಆ ಮರಿಗಳಿಗಾದರೂ ಮಿಡತೆ ಬಾಯಲ್ಲಿಟ್ಟುಕೊಂಡು ನಿಂತು ತೋರಿಸುವವರು ಯಾರು?

ಹೊರದೇಶದಲ್ಲಿ ಇದಕ್ಕೆ ಮೇಷ್ಟರನ್ನು ಹುಡುಕಿದ್ದಾರೆ. ಬ್ರೆಜಿಲ್ಲಿನ ಸ್ಪಿಕ್ಸ್ ಮಕಾವ್ ಎಂಬ ನೀಲಿ ಗಿಳಿ 2000ದಲ್ಲಿ ಬಯಲಿನಿಂದ ಮರೆಯಾಗಿತ್ತು. 2022ರ ಜೂನ್‌ನಲ್ಲಿ ಪಂಜರದಲ್ಲಿ ಹುಟ್ಟಿದ ಎಂಟನ್ನು ಬಿಡುವಾಗ, ಅದೇ ಸೀಮೆಯ ಬೇರೆ ಜಾತಿಯ ಕಾಡು ಮಕಾವ್ ಎಂಟನ್ನು ಜೊತೆಗೆ ಬಿಟ್ಟರು. ಸ್ವಂತ ಜಾತಿಯಲ್ಲಿ ಕಲಿಸುವವರು ಇಲ್ಲದಾಗ ಪಕ್ಕದ ಮನೆಯವರು. ಕ್ಯಾಲಿಫೋರ್ನಿಯಾದ ಕಾಂಡೋರ್ ಹದ್ದು 1982ರಲ್ಲಿ 22ಕ್ಕೆ ಇಳಿದಿತ್ತು. ಕೈಗೆ ಕಾಂಡೋರಿನ ತಲೆಯಂಥ ಗೊಂಬೆ ತೊಟ್ಟು ಮರಿಗಳಿಗೆ ಉಣಿಸಿದರು, ಮುಂದೆ ಹಿರಿಯ ಹದ್ದುಗಳ ಜೊತೆ ಇಟ್ಟು ಬೆಳೆಸತೊಡಗಿದರು. ಬಿಟ್ಟ ಹದ್ದುಗಳು ಗೂಡು ಕಟ್ಟಿ ಮರಿ ಮಾಡಿದವು. ಮರಿಗೆ ಮಾಂಸದ ಜೊತೆ ಬಾಟಲಿ ಮುಚ್ಚಳ, ಗಾಜಿನ ಚೂರು, ಮೊಳೆ ತಂದು ಉಣಿಸಿದವು, ಮರಿಗಳು ಸತ್ತವು. ಎಲುಬಿನ ಚೂರೆಂದುಕೊಂಡು ತಂದಿರಬಹುದು ಅನ್ನುವವರಿದ್ದಾರೆ. ಪ್ರೀತಿಗೇನೂ ಕೊರತೆ ಇರಲಿಲ್ಲ ಅಲ್ಲಿ.

ಪಾಠ ಕಡಿಯದೆ ಉಳಿದದ್ದನ್ನು ನೋಡಬೇಕೆಂದರೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಬೇಕು. 2024ರಲ್ಲಿ ಅದು ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆ ಹೆಬ್ಬಾತುಗಳು ಹಗಲು ಅಲ್ಲಿ ನೀರಲ್ಲಿ ಕೂತಿರುತ್ತವೆ. ಕತ್ತಲಾದ ಮೇಲೆ ಎದ್ದು ಸುತ್ತಲಿನ ಶೇಂಗಾ, ಕಡಲೆ ಹೊಲಕ್ಕೆ ಇಳಿಯುತ್ತವೆ. ಆ ವರ್ಷ ಹುಟ್ಟಿದ ಮರಿಗಳು ಮೊದಲ ಚಳಿಗಾಲ ತಂದೆತಾಯಿಯ ಜೊತೆಗೇ ಇರುತ್ತವೆ. ಎರಡು ದೊಡ್ಡವು ಎದ್ದರೆ ಬೆನ್ನಿಗೆ ಮೂರು ಚಿಕ್ಕವು. ಯಾವ ಹೊಲ, ಎಷ್ಟು ಹೊತ್ತಿಗೆ, ಯಾವ ದಾರಿ ಎಲ್ಲವೂ ಆ ಹಾರಾಟದಲ್ಲೇ ದಾಟುತ್ತದೆ. ಕಡಲೆ ಕಳಕೊಂಡ ರೈತನಿಗೆ ಇದರಲ್ಲಿ ಚೆಂದವೇನೂ ಕಾಣಲಿಕ್ಕಿಲ್ಲ, ಅದೂ ನಿಜವೇ.

ನಮ್ಮ ಮರಿಯ ವಿಷಯಕ್ಕೆ ಬರುತ್ತೇನೆ. ಮಿಡತೆಯ ಪ್ರಸಂಗದ ನಂತರ ಅವ್ವ ಹಿಟ್ಟು ಕೊಡುವುದನ್ನು ಅರ್ಧಕ್ಕೆ ಇಳಿಸಿದಳು, ನನಗೂ ತಾಕೀತು ಮಾಡಿದಳು. ಅದು ಇಡೀ ದಿನ ಕಿರುಚಿತು. ಪಕ್ಕದ ಮನೆಯ ಎಮ್ಮೆ ಕಟ್ಟುವ ಜಾಗಕ್ಕೆ ಕಾಡು ಗೊರವಂಕಗಳು ಬರುತ್ತಿದ್ದವು; ಬುಟ್ಟಿಯನ್ನು ಅಲ್ಲಿ ಗೋಡೆಯ ಮೇಲಿಟ್ಟೆ. ಮರಿ ಅವುಗಳ ಹಿಂದೆ ಹೋಗಿ ಬಾಯಿ ತೆರೆಯಿತು. ಅವು ಕುಕ್ಕಿ ಓಡಿಸಿದವು. ಮತ್ತೆ ಹೋಯಿತು. ಆರನೇ ದಿನವೋ ಏಳನೇ ದಿನವೋ ಸಗಣಿಯ ಅಂಚಿಗೆ ಕೊಕ್ಕು ಚುಚ್ಚಿ ತೆರೆದದ್ದನ್ನು ನಾನೇ ನೋಡಿದೆ. ಬಂದದ್ದು ಒಂದು ಹುಲ್ಲುಕಡ್ಡಿ. ಅದನ್ನು ಬಹಳ ಹೊತ್ತು ಝಾಡಿಸಿ, ಆಮೇಲೆ ಬಿಟ್ಟಿತು. ಮರುದಿನ ಹುಳವೇ ಸಿಕ್ಕಿತು. ಅದಾದ ಮೂರು ದಿನಕ್ಕೆ ರಾತ್ರಿ ಬುಟ್ಟಿಗೆ ಬರಲಿಲ್ಲ. ಓಣಿಯಲ್ಲಿ ಬೆಕ್ಕುಗಳಿವೆ. ಅವ್ವ ಎರಡು ದಿನ ಬುಟ್ಟಿ ಒಳಗೆ ತರಲಿಲ್ಲ.

ಎರಡು ವಾರದ ನಂತರ ಬೆಳಿಗ್ಗೆ ಕಾಲೇಜು ಮೈದಾನದಲ್ಲಿ ನಡೆಯುತ್ತಿದ್ದೆ. ಏಳೆಂಟು ಗೊರವಂಕಗಳು ಹುಲ್ಲು ಕೆದಕುತ್ತಿದ್ದವು. ನಾನು ಹತ್ತಿರ ಬಂದಾಗ ಎಲ್ಲವೂ ಸರಿದು ದೂರ ಹೋದವು, ಒಂದು ಮಾತ್ರ ಹೋಗಲಿಲ್ಲ. ನನ್ನ ಕಡೆಗೇ ನಡೆದು ಬಂದು, ಎರಡು ಮಾರು ದೂರದಲ್ಲಿ ನಿಂತು, ಬಗ್ಗಿ, ರೆಕ್ಕೆ ನಡುಗಿಸಿ ಬಾಯಿ ತೆರೆಯಿತು. ಕಿಸೆಯಲ್ಲಿ ಶೇಂಗಾ ಇತ್ತು. ಕೈ ಕಿಸೆಗೆ ಹೋಯಿತು ಕೂಡ.

ಕೈ ಹೊರಗೆಳೆದು, ಕಾಲನ್ನು ನೆಲಕ್ಕೆ ಜೋರಾಗಿ ಬಡಿದು "ಹೋಗ್!" ಅಂತ ಚೀರಿದೆ. ನಡೆಯಲು ಬಂದ ಇಬ್ಬರು ಹಿರಿಯರು ತಿರುಗಿ ನೋಡಿದರು. ಹಕ್ಕಿ ಎರಡು ಹೆಜ್ಜೆ ಹಿಂದೆ ಸರಿದು ಮತ್ತೆ ನೋಡಿತು. ಇನ್ನೊಮ್ಮೆ ಬಡಿದೆ. ಹಾರಿ ಗುಂಪಿನ ಆಚೆ ಕೂತಿತು.

ಅವ್ವನಿಗೆ ಮರಿ ಬದುಕಿದೆ ಎಂದಷ್ಟೇ ಹೇಳಿದೆ.